ಚಿಗುರಿನ ಹಳದಿ

ಏಣಿಯ ನಾಲ್ಕನೆಯ ಮೆಟ್ಟಿಲ ಮೇಲೆ ನಿಂತು ನಜ್ಮಿಯಾ ದ್ರಾಕ್ಷಿಬಳ್ಳಿಯ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಕೆಳಗಿನಿಂದ ಪಕ್ಕದ ಮನೆಯ ಅಬು ನಾಯೆಫ್ ಕೂಗಿದ. ಬೀದಿಯವರೆಲ್ಲರ ಹಾಗೆ ಅವನಿಗೂ ಅವಳು ಖಾಲಾ, ಚಿಕ್ಕಮ್ಮ.

"ಇಳೀರಿ ಖಾಲಾ, ಎಪ್ಪತ್ನಾಲ್ಕು ವರ್ಷ ಆಯ್ತು ನಿಮ್ಗೆ. ಬಿದ್ದು ಸೊಂಟ ಮುರ್ಕೊಂಡ್ರೆ ಇಷ್ಟೊಂದು ಮೆಟ್ಟಿಲು ನಿಮ್ಮನ್ನ ಹೊತ್ಕೊಂಡು ಇಳಿಯೋನು ನಾನೇ!"

"ನಿನ್ನಮ್ಮನ ಹೊಟ್ಟೆಯಿಂದ ನಿನ್ನನ್ನ ಹೊರಕ್ಕೆ ಎಳೆಯೋಕೆ ನಾನು ಬೆಳಗಿಂದ ಸಂಜೆ ತನಕ ಒದ್ದಾಡಿದೀನಿ. ಆಗ್ಲೂ ತಲೆ ಇಷ್ಟೇ ದಪ್ಪ ಇತ್ತು. ಒಂದು ಗಳಿಗೆ ನನ್ನ ಹೊತ್ರೆ ನೀನೇನೂ ಸವೆದು ಹೋಗಲ್ಲ. ಏಣಿ ಹಿಡ್ಕೊ."

ಅವನು ಒಂದೇ ಕೈಯಲ್ಲಿ ಏಣಿ ಹಿಡಿದ. ಇನ್ನೊಂದು ಕೈಯಲ್ಲಿ ಬಡಗಿಯಿಂದ ಎರವಲು ತಂದ ಗರಗಸವಿತ್ತು.

ಬೆಟ್ಟದ ಇಳಿಜಾರಿನ ಸಲ್ತ್ ಪಟ್ಟಣದ ಆ ಮೆಟ್ಟಿಲುಬೀದಿಯಲ್ಲಿ ಅಂಥ ಬಳ್ಳಿ ಇನ್ನೊಂದಿರಲಿಲ್ಲ. ಅಬು ನಾಯೆಫನ ತಂದೆ ಹಾಜಿ ಫಲಾಹ್ ನೆಟ್ಟದ್ದು. ಬುಡ ಇದ್ದದ್ದು ಇವನ ಅಂಗಳದಲ್ಲಿ, ಗಂಡಸಿನ ತೊಡೆಯಷ್ಟು ದಪ್ಪ. ಅಲ್ಲಿಂದ ಗೋಡೆ ಹತ್ತಿ, ಕಬ್ಬಿಣದ ಚಪ್ಪರ ಹಿಡಿದು, ಎರಡೂ ಮನೆಗಳ ತಾರಸಿಯ ಮೇಲೆ ಹಬ್ಬಿತ್ತು. ಬುಡ ಅವರದು, ನೆರಳು ಇಬ್ಬರದು ಎಂದು ಹಾಜಿ ಫಲಾಹ್ ಬದುಕಿದ್ದಾಗಲೇ ಮಾತಾಗಿತ್ತು. ಮೇ ತಿಂಗಳು ಬಂತೆಂದರೆ ಬೀದಿಯ ಹೆಂಗಸರೆಲ್ಲ ಮೊರ ಹಿಡಿದು ಬಂದು, ಅಕ್ಕಿ ಮಾಂಸದ ಹೂರಣ ಸುತ್ತಿ ಬೇಯಿಸಲು ಎಳೆಯ ಎಲೆ ಕಿತ್ತುಕೊಂಡು ಹೋಗುತ್ತಿದ್ದರು. ಈ ಸಲ ಒಬ್ಬರೂ ಬಂದಿರಲಿಲ್ಲ. ಚಿಗುರೆಲ್ಲ ನಿಂಬೆಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

ನಜ್ಮಿಯಾ ಇಳಿದು ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡು ಎಲೆಗಳನ್ನು ಪಕ್ಕಪಕ್ಕದಲ್ಲಿಟ್ಟಳು.

"ನೋಡಿಲ್ಲಿ. ಇದು ಬುಡದ ಕಡೇದು, ಹಳೇ ಎಲೆ. ಹೆಂಗಿದೆ? ಹಸಿರಾಗಿ ಗಟ್ಟಿಮುಟ್ಟಾಗಿದೆ. ಇದು ತುದೀದು. ನರ ಮಾತ್ರ ಹಸಿರು, ನರದ ಮಧ್ಯ ಎಲ್ಲಾ ಹಳದಿ."

"ಹಳದಿ ಅಂದ್ರೆ ಹಳದಿ. ತುದೀದಾದ್ರೇನು, ಬುಡದ್ದಾದ್ರೇನು?"

"ಬಸುರಿ ಹೆಂಗಸಿಗೆ ಊಟ ಸಾಲದೆ ಹೋದ್ರೆ ಏನಾಗುತ್ತೆ ಗೊತ್ತಾ? ಅವಳ ಹಲ್ಲು ಅಲ್ಲಾಡುತ್ತೆ, ಕೂದಲು ಉದುರುತ್ತೆ. ಮಗು ಮಾತ್ರ ಗುಂಡಗೆ ಹುಟ್ಟುತ್ತೆ. ತಾಯಾದೋಳು ತನ್ನ ಮೈಯಿಂದ ಕಿತ್ತು ಕೊಡ್ತಾಳೆ. ಗಿಡಾನೂ ಹಂಗೇ, ಹಸಿದ್ರೆ ಮೊದಲು ಬಾಡೋದು ಹಳೇ ಎಲೆ. ಇಲ್ಲಿ ನೋಡಿದ್ರೆ ತಾಯಿ ಚೆನ್ನಾಗಿದಾಳೆ, ಮಕ್ಕಳು ಬಿಳಿಚ್ಕೊಂಡಿವೆ. ಇದು ಹಸಿವಲ್ಲ."

"ಹಸಿವಲ್ದೆ ಮತ್ತೇನು?"

ಅದು ನಜ್ಮಿಯಾಳಿಗೂ ಗೊತ್ತಿರಲಿಲ್ಲ. ಆದರೆ 'ಗೊತ್ತಿಲ್ಲ' ಎಂಬ ಮಾತು ಅವಳ ನಾಲಿಗೆಗೆ ಯಾವತ್ತೂ ಸುಲಭವಾಗಿ ಬಂದದ್ದಲ್ಲ. "ಹತ್ತು ದಿನ ಕೊಡು, ಹೇಳ್ತೀನಿ" ಎಂದಳು.

"ಖಾಲಾ, ಕೆಳಗಿನ ಪೇಟೆ ಸಮೀಹ್ ಓದ್ಕೊಂಡೋನು. ಬೀಜ, ಗೊಬ್ಬರದ ಅಂಗಡಿ ಇಟ್ಟು ಇಪ್ಪತ್ತು ವರ್ಷ ಆಯ್ತು. ಅವನು ಕೊಟ್ಟ ಯೂರಿಯಾ ಎರಡು ಸಲ ಹಾಕ್ದೆ. ವಾರಕ್ಕೊಂದು ಸಲ ಬರೋ ನೀರಲ್ಲಿ ಮನೆಯೋರ ಸ್ನಾನ ತಪ್ಪಿಸಿ ದಿನಾ ಇದಕ್ಕೆ ಕುಡಿಸ್ದೆ. ಇನ್ನೇನು ಮಾಡ್ಲಿ? ನೀವು ಹೆರಿಗೆ ಮಾಡಿಸ್ತಿದ್ದೋರು, ಬಳ್ಳಿ ವೈದ್ಯ ನಿಮಗ್ಯಾಕೆ?"

ಮಾಡಿಸ್ತಿದ್ದೋರು. ಆ ಮಾತು ಹೋಗಿ ನಾಟಬೇಕಾದಲ್ಲಿ ನಾಟಿತು. ಆರು ವರ್ಷದ ಹಿಂದೆ ಆರೋಗ್ಯ ಕೇಂದ್ರದವರು ಮನೆಗೆ ಬಂದಿದ್ದರು. ಕಾಫಿ ಕುಡಿದು, ಐವತ್ತು ವರ್ಷದ ಸೇವೆಯನ್ನು ಹೊಗಳಿ, ಗಾಜಿನ ಚೌಕಟ್ಟು ಹಾಕಿದ ಪ್ರಶಸ್ತಿಪತ್ರವೊಂದನ್ನು ಕೈಗಿತ್ತು, ಹೋಗುವಾಗ ಅವಳ ಚರ್ಮದ ಚೀಲವನ್ನು ತೆಗೆದುಕೊಂಡು ಹೋಗಿದ್ದರು. ಇನ್ನು ಮನೆಯಲ್ಲಿ ಹೆರಿಗೆ ಕೂಡದು. ಸಾವಿರದ ನೂರಕ್ಕೂ ಹೆಚ್ಚು ಮಕ್ಕಳನ್ನು ಕೈಯಲ್ಲಿ ಹಿಡಿದವಳು ಅವಳು, ಬಾಣಂತಿಯೊಬ್ಬಳನ್ನೂ ಕಳೆದುಕೊಂಡಿರಲಿಲ್ಲ. ಪತ್ರವನ್ನು ಗೋಡೆಗೆ ತೂಗುಹಾಕದೆ ಗೋಧಿ ಡಬ್ಬದ ಹಿಂದೆ ಇಟ್ಟಳು. ಅಂದಿನಿಂದ ಬೀದಿಯವರು ಎದುರಾದಾಗ ತಲೆಬಾಗಿ ಸಲಾಮು ಹೇಳುತ್ತಿದ್ದರು, ಹಬ್ಬಕ್ಕೆ ಸಿಹಿ ಕಳಿಸುತ್ತಿದ್ದರು. ಆದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಅವಳ ಮುಖ ನೋಡಿ ಅಬು ನಾಯೆಫನ ದನಿ ಮೆತ್ತಗಾಯಿತು. "ಅಪ್ಪನ ಬಳ್ಳಿ ಖಾಲಾ. ದಿನಾ ಬೆಳಗ್ಗೆ ಎದ್ದು ಇದು ಸಾಯೋದನ್ನ ನೋಡೋಕಾಗಲ್ಲ. ಒಂದೇ ಏಟಿಗೆ ಮುಗಿಸಿಬಿಡ್ತೀನಿ."

"ಸತ್ತ ಮೇಲೆ ಮಣ್ಣು ಮಾಡೋದು. ಉಸಿರಾಡ್ತಿರೋವಾಗ ಅಲ್ಲ."

ಅವನು ಗರಗಸವನ್ನು ನೋಡಿದ, ಬಳ್ಳಿಯನ್ನು ನೋಡಿದ. "ಬರೋ ಶುಕ್ರವಾರದ ಮುಂದಿನ ಶುಕ್ರವಾರ. ಅಷ್ಟೇ" ಎಂದು ಹೇಳಿ ಒಳಗೆ ಹೋದ.

ಮೊದಲೆರಡು ದಿನ ನಜ್ಮಿಯಾ ಬರೀ ನೋಡಿದಳು. ಹೆರಿಗೆಗೆ ಹೋದಾಗಲೂ ಹಾಗೆಯೇ, ಕೈ ಹಾಕುವ ಮೊದಲು ಮೂಲೆಯಲ್ಲಿ ಕೂತು ಬಸುರಿಯ ಮುಖ ನೋಡುತ್ತಿದ್ದಳು. ಎಲೆಯ ಬೆನ್ನು ಸವರಿದಳು. ನುಸಿಯಿರಲಿಲ್ಲ, ಜೇಡರ ನೂಲಿರಲಿಲ್ಲ, ಬೂದಿ ಮೆತ್ತಿರಲಿಲ್ಲ. ಕಾಂಡಕ್ಕೆ ಮೂಗು ಹಚ್ಚಿದಳು, ಕೊಳೆತ ವಾಸನೆಯಿಲ್ಲ. ಮೂರನೆಯ ದಿನ ಅಡಿಗೆಯ ಸೌಟು ತೆಗೆದುಕೊಂಡು ಹೋಗಿ ಬುಡದಲ್ಲಿ ಮೊಣಕೈ ಆಳ ಕೆದಕಿದಳು. ಸಲ್ತಿನ ಮಣ್ಣು ಕೆಂಪು, ಅಂಗೈಗೆ ಗೋರಂಟಿಯ ಹಾಗೆ ಅಂಟುವಂಥದ್ದು. ಸೌಟಿನಲ್ಲಿ ಬಂದದ್ದು ಬಿಳಿಚಿದ ಕೆಸರು, ಹಿಟ್ಟು ಕಲಸಿದ ನೀರಿನ ಹಾಗೆ. ಅದನ್ನು ಬಟ್ಟಲಲ್ಲಿ ತುಂಬಿಕೊಂಡು ತಾರಸಿಗೆ ಬಂದು ಕೂತಳು. ಇದು ಎಲ್ಲಿಂದ ಬಂತು?

ಅಷ್ಟರಲ್ಲಿ ಅಬು ನಾಯೆಫನ ಸೊಸೆ ಇಬ್ತಿಹಾಲ್ ಗೋಡೆಯಾಚೆಯ ತಾರಸಿಗೆ ಬಟ್ಟೆ ಒಣಹಾಕಲು ಬಂದಳು. ಚೊಚ್ಚಲು ಬಸುರಿ, ಆರು ತಿಂಗಳು. ನಾಲ್ಕು ಬಟ್ಟೆ ಹರವುವಷ್ಟರಲ್ಲಿ ಏದುಸಿರು ಬಿಡುತ್ತ ಕೂತುಬಿಟ್ಟಳು.

"ಇಲ್ಲಿ ಬಾ" ಎಂದಳು ನಜ್ಮಿಯಾ. ಹುಡುಗಿ ಗೋಡೆಯ ಹತ್ತಿರ ಬಂದಳು. ನಜ್ಮಿಯಾ ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದು ನೋಡಿದಳು. ಕಾಗದದ ಹಾಗೆ ಬಿಳಿ. "ರಕ್ತ ಎಷ್ಟಿದೆ ಅಂದ್ರು?"

"ಎಂಟೂವರೆ. ಮಾತ್ರೆ ಕೊಟ್ಟಿದಾರೆ ಖಾಲಾ, ಕಬ್ಬಿಣದ್ದು. ಒಂದು ದಿನಾನೂ ತಪ್ಪಿಸಿಲ್ಲ, ನಿಮ್ಮಾಣೆ. ಎರಡು ತಿಂಗಳಾಯ್ತು, ಒಂದು ಕೂದಲೆಳೆಯಷ್ಟೂ ಏರಿಲ್ಲ. ಅತ್ತೆ ಅಂತಾರೆ, ನೀನು ಮಾತ್ರೆ ಎಸೀತಿದೀಯ ಅಂತ."

"ಯಾವಾಗ ನುಂಗ್ತೀಯ?"

"ಊಟ ಆದ್ಮೇಲೆ."

"ಯಾವುದರ ಜೊತೆ?"

"ಚಹಾದ ಜೊತೆ. ನೀರು ಕುಡಿದ್ರೆ ವಾಕರಿಕೆ ಬರುತ್ತೆ."

"ಅಯ್ಯೋ ನನ್ನ ಕಂದಾ! ಕಪ್ಪು ಚಹಾದ ಜೊತೆ ಕಬ್ಬಿಣ ನುಂಗಿದ್ರೆ ಅದು ಹೊಟ್ಟೇಲಿ ಇದ್ದೂ ಇಲ್ದಂಗೆ. ಚಹಾ ಅದನ್ನ ಕಟ್ಟಿಹಾಕುತ್ತೆ, ಮೈಗೆ ಹತ್ತೋಕೆ ಬಿಡಲ್ಲ. ನೀನು ನೂರು ಮಾತ್ರೆ ನುಂಗು, ಹಂಗೇ ಆಚೆ ಹೋಗುತ್ತೆ. ಇವತ್ತಿಂದ ನಿಂಬೆ ನೀರಲ್ಲಿ ತಗೊ. ಚಹಾ ಬೇಕಾದ್ರೆ ಎರಡು ಗಂಟೆ ಬಿಟ್ಟು..."

ಅಷ್ಟು ಹೇಳಿ ನಜ್ಮಿಯಾ ನಿಂತುಬಿಟ್ಟಳು. ಇದ್ದೂ ಇಲ್ಲದ ಹಾಗೆ. ಹುಡುಗಿಯ ಬಿಳಿಚಿದ ಮುಖದಿಂದ ಅವಳ ನೋಟ ಮೇಲಿನ ಚಪ್ಪರಕ್ಕೆ ಹೋಯಿತು, ಅಲ್ಲಿಂದ ತನ್ನ ಕಾಲಬುಡದ ಬಟ್ಟಲಿಗೆ ಇಳಿಯಿತು. ಒಳಗೆ ಹೋಗಿ ವಿನಿಗರ್ ಬಾಟಲಿ ತಂದು ಕೆಸರಿನ ಮೇಲೆ ಸುರಿದಳು. ಕೆಸರು ಸೊಯ್ಯೆಂದು ನೊರೆಯೆದ್ದು ಬಟ್ಟಲ ಅಂಚಿನವರೆಗೂ ಉಕ್ಕಿತು, ತಳದ ಬಿಳಿ ಹಕ್ಕಳೆ ತೆಗೆಯಲು ಕೆಟಲಿಗೆ ಸುರಿದಾಗ ಉಕ್ಕುವ ಹಾಗೆಯೇ. ತನ್ನ ಪುದೀನ ಕುಂಡದ ಕೆಂಪು ಮಣ್ಣಿಗೂ ನಾಲ್ಕು ತೊಟ್ಟು ಬಿಟ್ಟು ನೋಡಿದಳು. ಅದು ಸುಮ್ಮನೆ ಕುಡಿದುಕೊಂಡಿತು.

ಸುಣ್ಣ.

"ಏನಾಯ್ತು ಖಾಲಾ?" ಎಂದಳು ಇಬ್ತಿಹಾಲ್, ಹೆದರಿ.

"ಏನೂ ಆಗಿಲ್ಲ. ನಿನ್ನ ಮಾತ್ರೆ ಡಬ್ಬಿಯಿಂದ ಎರಡು ಮಾತ್ರೆ ತಂದ್ಕೊಡು. ನಿನ್ನ ಅತ್ತೆ ಕೇಳಿದ್ರೆ ನಾನು ನುಂಗಿದೆ ಅನ್ನು."

ಮಾತ್ರೆಯ ಸಕ್ಕರೆ ಪದರವನ್ನು ಕೆರೆದು ತೆಗೆದು, ಒರಳಲ್ಲಿ ಕುಟ್ಟಿ, ಒಂದು ಚಮಚ ನೀರು ಮತ್ತು ನಿಂಬೆರಸ ಬೆರೆಸಿ, ಹೆಬ್ಬೆರಳು ಅದ್ದಿ ಒಂದು ಹಳದಿ ಎಲೆಯ ಮೇಲೆ ಒತ್ತಿದಳು. ಮರುದಿನ ನೋಡಿದರೆ ಒತ್ತಿದ ಜಾಗ ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. "ನಿಂಗೇನು ಅರವತ್ತು ಕಿಲೋ ಹೆಂಗಸಿನ ಮೈ ಇದೆಯಾ?" ಎಂದು ಎಲೆಗೆ ಹೇಳಿ, ಎರಡನೆಯ ಮಾತ್ರೆಯನ್ನು ಒಂದು ದೊಡ್ಡ ಲೋಟ ನೀರಿಗೆ ಹಾಕಿದಳು, ಎಲೆಗೆ ಹಿಡಿಯಲೆಂದು ಒಂದು ಹನಿ ಸಾಬೂನು ಸೇರಿಸಿದಳು. ಈ ಸಲ ಮೂರು ಎಲೆಗಳನ್ನು ಆರಿಸಿ ಒಂದೊಂದಕ್ಕೂ ಕೆಂಪು ದಾರ ಕಟ್ಟಿ ಹೆಬ್ಬೆರಳೊತ್ತಿದಳು. ಆಮೇಲೆ ಅಬು ನಾಯೆಫ್ ನೀರಿನ ಕೊಳವೆ ಹಿಡಿದು ಬಂದಾಗಲೆಲ್ಲ ಗೋಡೆಯ ಮೇಲಿಂದಲೇ ಗದರಿಸಿ ಕಳಿಸುವ ಕೆಲಸ ಹಿಡಿದಳು.

"ಒಣಗಿಸಿ ಕೊಲ್ತೀರಾ?"

"ಮುಳುಗಿಸಿ ಕೊಲ್ಲೋದಕ್ಕಿಂತ ವಾಸಿ. ಹೋಗು, ನಿನ್ನ ಮನೆಯೋರಿಗೆ ಸ್ನಾನ ಮಾಡಿಸು. ಬೀದಿಗೆಲ್ಲಾ ವಾಸನೆ ಬರ್ತಿದೆ."

ಎಂಟನೆಯ ದಿನ ಬೆಳಗ್ಗೆ ಅವಳು ತಾನೇ ಏಣಿ ಹಾಕಿಕೊಂಡು ಹತ್ತಿದಳು. ದಾರ ಕಟ್ಟಿದ ಮೊದಲನೆಯ ಎಲೆಯಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಒಂದು ಮಬ್ಬು ಮಚ್ಚೆ. ಮೂರನೆಯದನ್ನು ಬಿಸಿಲಿಗೆ ತಿರುಗಿಸಿದಳು. ಹಳದಿ ಎಲೆಯ ನಡುವೆ ಹಸಿರು ಬಣ್ಣದಲ್ಲಿ ಅವಳ ಹೆಬ್ಬೆಟ್ಟು ಮೂಡಿತ್ತು. ಕಾಗದಕ್ಕೆ ಒತ್ತಿದಷ್ಟೇ ಸ್ಪಷ್ಟವಾಗಿ, ಬದಿಯಲ್ಲಿ ಬಾಲ್ಯದ ಸುಟ್ಟಗಾಯದ ಗೆರೆ ಬಿಟ್ಟ ಖಾಲಿ ಜಾಗವೂ ಸೇರಿ.

ಅವಳು ಎಲೆ ಕಿತ್ತು, ಇಳಿದು, ಮುಖ ತೊಳೆದು, ಆಮೇಲೆ ಅಬು ನಾಯೆಫನ ಬಾಗಿಲು ತಟ್ಟಿದಳು. ಅವನು ಎಲೆಯನ್ನು ನೋಡಿದ, ಅವಳ ಹೆಬ್ಬೆರಳನ್ನು ನೋಡಿದ, ಮತ್ತೆ ಎಲೆಯನ್ನು ನೋಡಿದ. "ಇದು... ಬಣ್ಣ ಅಲ್ವಲ್ಲ?" ಎಂದ.

"ಉಜ್ಜಿ ನೋಡು."

ಅವನು ಉಗುಳು ಹಚ್ಚಿ ಉಜ್ಜಿದ. ಹೋಗಲಿಲ್ಲ.

"ಬಳ್ಳಿಗೆ ಬೇಕಾಗಿರೋದು ಕಬ್ಬಿಣ. ಮಣ್ಣಲ್ಲಿ ಬೇಕಾದಷ್ಟಿದೆ, ಆದ್ರೆ ಬೇರಿಗೆ ಸಿಕ್ತಿಲ್ಲ. ಸುಣ್ಣ ಅದನ್ನ ಕಟ್ಟಿಹಾಕಿದೆ. ದಿನಾ ನೀರು ಬಿಟ್ಟು ಬಿಟ್ಟು ನೀನು ಆ ಸುಣ್ಣಾನ ಬೇರಿನ ತನಕ ಇಳಿಸಿದೀಯ."

"ಸುಣ್ಣ ಎಲ್ಲಿಂದ ಬರುತ್ತೆ? ನಲವತ್ತೆಂಟು ವರ್ಷ ಇದೇ ಮಣ್ಣಲ್ಲಿ..."

ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ಒಂದೇ ಕಡೆ ನೋಡುತ್ತಿದ್ದರು. ಬಳ್ಳಿಯ ಹಿಂದೆ, ಹೋದ ವರ್ಷದ ಶರತ್ಕಾಲದಲ್ಲಿ ಅಬು ನಾಯೆಫ್ ಕಟ್ಟಿಸಿದ ಹೊಸ ಗೋಡೆ ನಿಂತಿತ್ತು. ಒಂದೊಂದು ಸುಣ್ಣದ ಕಲ್ಲನ್ನೂ ಅಂಗಳದಲ್ಲೇ ಕೊರೆಸಿ ನಯಮಾಡಿಸಿದ್ದ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ, ಸಂದಿಯಲ್ಲಿ ಚಾಕು ತೂರುವುದಿಲ್ಲ ನೋಡಿ ಎಂದು ತೋರಿಸುತ್ತಿದ್ದ. ಕಲ್ಲು ಕೊರೆದ ಪುಡಿಯನ್ನು ಮೇಸ್ತ್ರಿಯ ಆಳುಗಳು ಗೋಡೆಗೆಂದು ಬಳ್ಳಿಯ ಬುಡದಲ್ಲಿ ತೋಡಿದ್ದ ಗುಂಡಿಗೆ ತುಂಬಿ, ಮೇಲೆ ಒಂದು ಪದರ ಕೆಂಪು ಮಣ್ಣು ಹರಡಿ ಹೋಗಿದ್ದರು. ಚಳಿಗಾಲವಿಡೀ ಮಳೆ ಅದನ್ನು ಕರಗಿಸಿ ಕೆಳಗಿಳಿಸಿತ್ತು.

"ನನ್ನ ಗೋಡೆ ಅಂತೀರಾ?" ಅಬು ನಾಯೆಫನ ಮುಖ ಕೆಂಪಗಾಯಿತು. "ಅಪ್ಪನ ಬಳ್ಳಿಗೆ ನಾನೇ ವಿಷ ಹಾಕ್ದೆ ಅಂತೀರಾ?"

"ಗೋಡೆ ಚೆನ್ನಾಗೇ ಇದೆ. ಇಂಥ ಗೋಡೆ ಈ ಬೆಟ್ಟದಲ್ಲಿ ಇನ್ನೊಂದಿಲ್ಲ. ಅದರ ಕಸ ಬುಡದಲ್ಲಿರೋದು ಬೇಡ ಅಂತಷ್ಟೇ ಹೇಳ್ತಿದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಬೇಡ, ಗರಗಸ ವಾಪಸು ಕೊಟ್ಟು ಗುದ್ದಲಿ ತಗೊಂಡ್ ಬಾ."

ಅವನು ತನ್ನ ಗೋಡೆಯ ಕಲ್ಲೊಂದರ ಮೇಲೆ ಕೈಯಾಡಿಸಿದ. ಆಮೇಲೆ ಒಳಗೆ ಹೋಗಿ ಗುದ್ದಲಿ ತಂದ.

ಎರಡು ದಿನ ಅಗೆದ. ಎಳೆಬೇರಿಗೆ ಪೆಟ್ಟಾಗದ ಹಾಗೆ ಕೊನೆಕೊನೆಗೆ ಮಣ್ಣನ್ನು ಕೈಯಲ್ಲೇ ಬಿಡಿಸಬೇಕೆಂದು ನಜ್ಮಿಯಾಳ ಅಪ್ಪಣೆ. ಕಲ್ಲಿನ ಮೇಲೆ ಕೂತು, "ಮೆಲ್ಲಗೆ, ಮೆಲ್ಲಗೆ! ಕತ್ತು ಹಿಡಿದು ಎಳೀಬೇಡ, ಅದೇ ಬರುತ್ತೆ" ಎಂದು ಅವಳು ಹೇಳುತ್ತಿದ್ದರೆ ಇಬ್ತಿಹಾಲ್ ಮುಸುಕಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಹನ್ನೊಂದು ಮೂಟೆ ಬಿಳಿಯ ಕೆಸರು ಹೊರಬಂತು. ಆ ಜಾಗಕ್ಕೆ ಬೆಟ್ಟದ ಕೆಳಗಿನಿಂದ ಕತ್ತೆಯ ಮೇಲೆ ಹೇರಿಸಿ ತಂದ ಕೆಂಪು ಮಣ್ಣು, ಎರಡು ವರ್ಷ ಹಳೆಯ ಆಡಿನ ಗೊಬ್ಬರ, ಮೇಲೆ ಸುಣ್ಣದ ಕ್ಷಾರ ಇಳಿಸಲು ಹಿಡಿಹಿಡಿ ಗಂಧಕ.

ಆದರೆ ಮೇಲಿನ ಸುಣ್ಣ ಹೋದರೂ ಆಳದ್ದು ಉಳಿದಿರುತ್ತದೆ, ಬರೀ ಮಣ್ಣು ಬದಲಿಸಿದರೆ ಸಾಲದೆಂಬುದು ನಜ್ಮಿಯಾಳಿಗೆ ಗೊತ್ತಿತ್ತು. ಚಪ್ಪರದ ಸಾವಿರಾರು ಎಲೆಗಳಿಗೆ ಒಂದೊಂದಾಗಿ ಹೆಬ್ಬೆರಳೊತ್ತುವುದೂ ಆಗದ ಮಾತು. ಆದ್ದರಿಂದ ಅವಳು ನೂರಾಮೂವತ್ತು ಮೆಟ್ಟಿಲು ಇಳಿದು ಸಮೀಹ್‌ನ ಅಂಗಡಿಗೆ ಹೋದಳು. ಅಬು ನಾಯೆಫ್ ಹಿಂದೆಯೇ ಬಂದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವಳು ತನ್ನ ಸರದಿಗೆ ಕಾದು, ಕರವಸ್ತ್ರ ಬಿಚ್ಚಿ, ಎಲೆಯನ್ನು ಮೇಜಿನ ಮೇಲೆ ಇಟ್ಟಳು.

ಸಮೀಹ್ ಕನ್ನಡಕ ಹಣೆಗೇರಿಸಿ ಬಗ್ಗಿದ.

"ಯಾವುದರಲ್ಲಿ ಒತ್ತಿದ್ರಿ?"

"ಬಸುರಿಯರ ಕಬ್ಬಿಣದ ಮಾತ್ರೇಲಿ."

"ಎಷ್ಟು ನೀರಿಗೆ?"

ಅವಳು ಹೇಳಿದಳು. ಮೊದಲ ಎಲೆ ಸುಟ್ಟದ್ದನ್ನೂ ಮುಚ್ಚಿಡದೆ ಹೇಳಿದಳು. ವಿನಿಗರ್ ಉಕ್ಕಿದ್ದು, ಕೆಂಪು ಮಣ್ಣು ಉಕ್ಕದೆ ಇದ್ದದ್ದು, ಹಳೆಯ ಎಲೆ ಹಸಿರಾಗಿದ್ದು ಚಿಗುರು ಮಾತ್ರ ಹಳದಿಯಾದದ್ದು, ಎಲ್ಲವನ್ನೂ. ಗಿರಾಕಿಗಳು ಹತ್ತಿರ ಬಂದು ನಿಂತಿದ್ದರು.

ಸಮೀಹ್ ಅಬು ನಾಯೆಫನ ಕಡೆ ತಿರುಗಿದ. "ನೀನು ನಂಗೆ ಹಳದಿ ಆಗಿದೆ ಅಂತಷ್ಟೇ ಹೇಳಿದ್ದೆ. ಎಲೆ ತಂದು ತೋರಿಸಲಿಲ್ಲ."

"ನೀನೂ ಕೇಳಲಿಲ್ಲ."

"ಹೌದು. ನಾನೂ ಕೇಳಲಿಲ್ಲ" ಎಂದು ಅವನು ಒಪ್ಪಿಕೊಂಡ. ಹಿಂದಿನ ಕೋಣೆಗೆ ಹೋಗಿ ಧೂಳು ಹಿಡಿದ ಡಬ್ಬವೊಂದನ್ನು ತಂದ. ಕಣಿವೆಯ ದೊಡ್ಡ ತೋಟದವರು ಮಾತ್ರ ಕೊಳ್ಳುವ ಮದ್ದು ಅದು. "ಇದೂ ಕಬ್ಬಿಣವೇ ಖಾಲಾ. ಆದ್ರೆ ಸುಣ್ಣಕ್ಕೆ ಸಿಕ್ಕದ ಹಾಗೆ ಇದಕ್ಕೊಂದು ಅಂಗಿ ತೊಡಿಸಿದಾರೆ. ನೀರಲ್ಲಿ ಕಲಸಿ ಬೇರಿಗೆ ಹಾಕಿ, ಬಿಸಿಲು ಬೀಳದಂಗೆ ತಕ್ಷಣ ಮಣ್ಣು ಮುಚ್ಚಿ. ಈಗ ಹಳದಿ ಆಗಿರೋ ಎಲೆ ಪೂರ್ತಿ ತಿರುಗದೆ ಇರಬಹುದು, ಅದಕ್ಕೆ ಗಾಬರಿಯಾಗಬೇಡಿ. ಹೊಸ ಚಿಗುರು ನೋಡಿ." ಡಬ್ಬವನ್ನು ಅವಳ ಕೈಗೇ ಕೊಟ್ಟು, ತುಸು ಸಂಕೋಚದಿಂದ ಕೇಳಿದ, "ಇದನ್ನೆಲ್ಲಾ ನಿಮಗೆ ಯಾರು ಕಲಿಸಿದ್ರು?"

"ಬಸುರಿಯರು" ಎಂದಳು ನಜ್ಮಿಯಾ.

ಸಂಜೆ ಅವಳು ಬಕೆಟ್ಟಿನಲ್ಲಿ ಆ ಪುಡಿಯನ್ನು ಕದಡಿದಳು. ನೀರು ದಾಳಿಂಬೆ ರಸದಷ್ಟು ಕೆಂಪಾಯಿತು. ಬೇರಿನ ಸುತ್ತ ತೋಡಿದ ಕಾಲುವೆಗೆ ಅದನ್ನು ಮೆಲ್ಲಗೆ ಹೊಯ್ಯುವಾಗ ಅಬು ನಾಯೆಫ್ ತಲೆಯ ಬಟ್ಟೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಹತ್ತು ದಿನ ಏನೂ ಆಗಲಿಲ್ಲ. ಅವನು ಕೊಟ್ಟ ಗಡುವಿನ ಶುಕ್ರವಾರ ಬಂದು ಹೋಯಿತು. ಇಬ್ಬರೂ ಆ ಮಾತೆತ್ತಲಿಲ್ಲ. ಹದಿಮೂರನೆಯ ದಿನ ಹೊಸ ಕುಡಿಯೊಂದು ಬಿಚ್ಚಿಕೊಂಡಿತು. ಹದಿನೇಳನೆಯ ದಿನದ ಹೊತ್ತಿಗೆ ತಾರಸಿಯ ಈ ಅಂಚಿನಿಂದ ಆ ಅಂಚಿನವರೆಗೆ ಕುಡಿಗಳೆಲ್ಲ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಹಸಿರಿಗೆ ತಿರುಗಿದ್ದವು. ಅಬು ನಾಯೆಫನ ಗಂಟಲಿಗೆ ಮೊದಲಿನ ಕಸುವು ಬಂತು. ಗೋಡೆ ತೋರಿಸಲು ನಿಲ್ಲಿಸುತ್ತಿದ್ದ ದಾರಿಹೋಕರನ್ನು ಈಗ ಬಳ್ಳಿ ತೋರಿಸಲು ನಿಲ್ಲಿಸತೊಡಗಿದ. "ಸಮೀಹ್‌ಗೇ ಗೊತ್ತಾಗ್ಲಿಲ್ಲ ಕಣ್ರೀ! ನಮ್ಮ ಖಾಲಾ ಹೆಬ್ಬೆಟ್ಟು ಒತ್ತಿ ಕಂಡುಹಿಡಿದ್ರು. ಯಾರು ಅಂದ್ಕೊಂಡ್ರಿ? ನನ್ನ ಈ ಲೋಕಕ್ಕೆ ತಂದಿದ್ದೂ ಅವರೇ" ಎನ್ನುತ್ತಿದ್ದ, ತಾನು ಹುಟ್ಟಿದ್ದೂ ಒಂದು ಸಾಧನೆ ಎನ್ನುವವನ ಹಾಗೆ. ತಿಂಗಳ ಕೊನೆಗೆ ಇಬ್ತಿಹಾಲ್ ಆರೋಗ್ಯ ಕೇಂದ್ರದಿಂದ ಬಂದವಳು ತನ್ನ ಮನೆಗೆ ಹೋಗದೆ ನೇರ ನಜ್ಮಿಯಾಳ ಬಾಗಿಲಿಗೇ ಬಂದು ಚೀಟಿ ತೋರಿಸಿದಳು. ಹತ್ತೂಮುಕ್ಕಾಲು. ಅಲ್ಲಿಯ ನರ್ಸು, ಚಹಾದ ವಿಷಯ ನಿಂಗೆ ಯಾರು ಹೇಳಿದ್ದು, ಉಳಿದ ಬಸುರಿಯರಿಗೂ ಅವರೇ ಬಂದು ಒಂದು ದಿನ ಹೇಳ್ತಾರಾ ಕೇಳು ಎಂದಿದ್ದಳಂತೆ.

"ನೋಡೋಣ, ಪುರುಸೊತ್ತಾದ್ರೆ" ಎಂದಳು ನಜ್ಮಿಯಾ. ಹುಡುಗಿ ಹೋದ ಮೇಲೆ ಅವಳು ಬಿಟ್ಟುಹೋದ ಚೀಟಿಯನ್ನು ಇನ್ನೊಮ್ಮೆ ಓದಿದಳು.

ಜೂನ್ ತಿಂಗಳ ಒಂದು ಬೆಳಗ್ಗೆ ಅವಳು ರೊಟ್ಟಿಗೆ ಹಿಟ್ಟು ನಾದುತ್ತಿರುವಾಗ ಹೊರಗೆ ಅಬು ನಾಯೆಫನ ದನಿ ಕೇಳಿಸಿತು. "ಒಬ್ಬೊಬ್ಬರಾಗಿ! ಮೆಟ್ಟಿಲ ಮೇಲೆ ದಾರಿ ಬಿಟ್ಟು ಕೂತ್ಕೊಳ್ಳಿ. ಖಾಲಾ ತಿಂಡಿ ಮಾಡ್ಲಿ ಮೊದ್ಲು." ಕಿಟಕಿಯ ಸಂದಿಯಿಂದ ನೋಡಿದಳು. ಮೆಟ್ಟಿಲುಗಳ ಮೇಲೆ ಐದಾರು ಜನ ಕೂತಿದ್ದರು. ಮೇಲಿನ ಓಣಿಯ ವಿಧವೆಯ ಮಡಿಲಲ್ಲಿ ನಿಂಬೆಯ ಕೊಂಬೆ. ಕ್ಷೌರದಂಗಡಿಯವನ ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಲ್ಲಿಗೆಯ ಬಳ್ಳಿ. ಎಂದೂ ನೋಡದ ಮುದುಕನೊಬ್ಬ, ದೂರದ ಊರಿನವನಿರಬೇಕು, ಮೊಣಕಾಲ ಮೇಲೆ ಕಾಗದದ ಪೊಟ್ಟಣವಿಟ್ಟುಕೊಂಡು ಅದು ಕದಲದ ಹಾಗೆ ಎರಡೂ ಅಂಗೈ ಮುಚ್ಚಿದ್ದ.

ನಜ್ಮಿಯಾ ಹಿಟ್ಟನ್ನು ಬಟ್ಟೆಯಿಂದ ಮುಚ್ಚಿದಳು. ಕೈತೊಳೆದು, ಉಗುರಿನ ಸಂದಿಗಳನ್ನು ಬ್ರಷ್ಷಿನಿಂದ ಉಜ್ಜಿ, ಮೊಣಕೈವರೆಗೂ ಇನ್ನೊಮ್ಮೆ ತೊಳೆದಳು. ಮಂಚದ ಕೆಳಗಿನ ಪೆಟ್ಟಿಗೆ ಎಳೆದು, ಹೆರಿಗೆಗೆ ಹೋಗುವಾಗ ಸುತ್ತಿಕೊಳ್ಳುತ್ತಿದ್ದ, ಆರು ವರ್ಷದಿಂದ ಮಡಿಸಿಟ್ಟಿದ್ದ ಬಿಳಿಯ ಮುಸುಕನ್ನು ತೆಗೆದು ಕೊಡವಿದಳು. ಮಡಿಕೆಯ ಗೆರೆಗಳು ಹಾಗೇ ಉಳಿದಿದ್ದವು. ಕನ್ನಡಿಯ ಮುಂದೆ ನಿಂತು ಅದನ್ನು ತಲೆಗೆ ಸುತ್ತಿ, ಗಲ್ಲದ ಕೆಳಗೆ ಪಿನ್ನು ಚುಚ್ಚಿ, ಬಾಗಿಲು ತೆರೆದಳು.

ಮೆಟ್ಟಿಲ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು.